ವಿನ್‌ಎಸ್‌ಸಿಪಿ: ದೊಡ್ಡ ಫೈಲ್ ಕಳಿಸುವವರಿಗೆ, ಅದೂ ನಮ್ಮ ಕಡೆಯ ನೆಟ್ಟಿನಲ್ಲಿ

ನೋಡೋಕೆ ಚೆಂದ ಇಲ್ಲ, ಕೆಲಸದಲ್ಲಿ ಮಾತ್ರ ಗಟ್ಟಿ. ವಿನ್‌ಎಸ್‌ಸಿಪಿ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಕಂಪ್ಯೂಟರಿನಿಂದ ಸರ್ವರ್‌ಗೆ ಫೈಲ್ ಕಳಿಸುವ ಸಾಫ್ಟ್‌ವೇರ್ ಇದು. ವಿಂಡೋಸ್‌ಗೆ ಮಾತ್ರ ಸಿಗುತ್ತದೆ. 2000ದಲ್ಲಿ ಮೊದಲು ಬಂತು, ಚೆಕ್ ದೇಶದ ಮಾರ್ಟಿನ್ ಪ್ರಿಕ್ರಿಲ್ ಅನ್ನುವವರು ಇವತ್ತಿಗೂ ನೋಡಿಕೊಳ್ಳುತ್ತಿದ್ದಾರೆ.

ನನ್ನದು ಸಿರ್ಸಿ ಕಡೆ ಮದುವೆ, ಮುಂಜಿ ವಿಡಿಯೋ ಕೆಲಸ. ಎಡಿಟರ್ ಬೆಂಗಳೂರಿನಲ್ಲಿದ್ದಾರೆ. ಎರಡು ಕ್ಯಾಮೆರಾದ 4ಕೆ ಫೂಟೇಜ್, ಮೇಲೆ ಡ್ರೋನ್‌ದು, ಎಲ್ಲ ಸೇರಿದರೆ ಒಂದು ಮದುವೆಗೆ 60 ಜಿಬಿ ಏನೂ ಜಾಸ್ತಿ ಅಲ್ಲ. ಅಪ್‌ಲೋಡ್ ಸ್ಪೀಡ್ 30 ಎಂಬಿಪಿಎಸ್ ಒಂದೇ ಸಮ ಸಿಕ್ಕರೂ ನಾಲ್ಕೂವರೆ ಗಂಟೆ ಬೇಕು. ಮದುವೆ ಸೀಸನ್ ಅಂದರೆ ಮೇ ತಿಂಗಳು, ಮೇ ತಿಂಗಳ ಸಂಜೆ ಅಂದರೆ ಗುಡುಗು ಮಳೆ, ಗುಡುಗು ಅಂದಮೇಲೆ ಕರೆಂಟ್ ಇಲ್ಲ. ಹಾರ್ಡ್ ಡಿಸ್ಕನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸುವವರು ಈಗಲೂ ಇದ್ದಾರೆ. ಅವರಿಗೆ ತಲೆ ಇಲ್ಲ ಅಂತ ಅಂದುಕೊಳ್ಳಬೇಡಿ.

ಈ ಸಾಫ್ಟ್‌ವೇರ್ ಯಾಕೆ ಬೇಕಾಯಿತು ಅಂದರೆ, ಮೊದಲು ಎಡಿಟರ್ ಕೊಟ್ಟಿದ್ದು ಎಫ್‌ಟಿಪಿ (ಫೈಲ್ ಕಳಿಸುವ ಹಳೇ ಪದ್ಧತಿ) ಲಾಗಿನ್. ಸಣ್ಣ ಫೈಲ್‌ಗಳೆಲ್ಲ ಸಲೀಸಾಗಿ ಹೋಗುತ್ತಿದ್ದವು. 20 ಜಿಬಿಯ ಒಂದು ಫೈಲ್ ಹಾಕಿದರೆ ಮಾತ್ರ 100% ಮುಟ್ಟಿ, ಅಲ್ಲೇ ಸುಮ್ನೆ ನಿಂತು, ಸ್ವಲ್ಪ ಹೊತ್ತಿಗೆ ಟೈಮ್‌ಔಟ್ ಅಂತ ಕೆಂಪು ಅಕ್ಷರ. ಅರ್ಧಕ್ಕೆ ಕೈಕೊಟ್ಟರೆ ಹೋಗಲಿ ಅನ್ನಬಹುದು, ಪೂರ್ತಿ ಆದಮೇಲೆ ಕೈಕೊಟ್ಟರೆ ಏನು ಮಾಡೋದು? ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅಂತ ಅದೇ ಮಾತು.

ಕಾರಣ ಬೇರೆಯೇ ಇದೆ. ಎಫ್‌ಟಿಪಿ ಎರಡು ಕನೆಕ್ಷನ್ ಇಟ್ಟುಕೊಳ್ಳುತ್ತದೆ. 21ನೇ ಪೋರ್ಟಿನಲ್ಲಿ (ಸರ್ವರ್‌ನ ಬಾಗಿಲು ಅನ್ನಿ) ಮಾತುಕತೆ, ಇನ್ನೊಂದರಲ್ಲಿ ಫೈಲು. ಫೈಲ್ ಗಂಟೆಗಟ್ಟಲೆ ಹೋಗುತ್ತಿರುವಾಗ ಮಾತುಕತೆಯ ಕನೆಕ್ಷನ್‌ನಲ್ಲಿ ಏನೂ ಓಡಾಡುವುದಿಲ್ಲ. ಮಧ್ಯದಲ್ಲಿ ಕೂತಿರುವ ರೂಟರ್ ತನ್ನ ಪಟ್ಟಿ ನೋಡುತ್ತದೆ, ಇದು ಯಾರೂ ಬಳಸದ ಕನೆಕ್ಷನ್ ಅಂತ ತೆಗೆದುಹಾಕುತ್ತದೆ, ನಮಗೂ ಹೇಳುವುದಿಲ್ಲ, ಸರ್ವರ್‌ಗೂ ಹೇಳುವುದಿಲ್ಲ. ಕೊನೆಗೆ ಸರ್ವರ್ "226, ಫೈಲ್ ಬಂತು" ಅಂತ ಉತ್ತರ ಕೊಡುವುದು ಆ ಸತ್ತ ಕನೆಕ್ಷನ್‌ನಲ್ಲೇ. ಅದು ನಮಗೆ ಮುಟ್ಟುವುದೇ ಇಲ್ಲ. ಅಂದರೆ ಎಷ್ಟೋ ಸಲ ಫೈಲ್ ಅಲ್ಲಿಗೆ ಪೂರ್ತಿ ಹೋಗಿಯೇ ಇರುತ್ತದೆ!

ಸುಮ್ಮನಿರುವ ಟಿಸಿಪಿ ಕನೆಕ್ಷನ್ (ಎಫ್‌ಟಿಪಿ ಬಳಸುವುದು ಇದನ್ನೇ) ಅನ್ನು ರೂಟರ್ ಕನಿಷ್ಠ 2 ಗಂಟೆ 4 ನಿಮಿಷ ಇಟ್ಟುಕೊಳ್ಳಬೇಕು ಅಂತ ಇಂಟರ್ನೆಟ್ಟಿನ ನಿಯಮ ಬರೆದಿಡುವ ಕಡತಗಳಲ್ಲಿ ಒಂದಾದ 2008ರ ಆರ್‌ಎಫ್‌ಸಿ 5382ರಲ್ಲಿದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಸಾಫ್ಟ್‌ವೇರ್ ಹೇಳಿದ್ದರೆ ಮಾತ್ರ "ಇದ್ದೀಯಾ?" ಅಂತ ಕೇಳುತ್ತದೆ, ಅದೂ ಮಾಮೂಲಿಗೆ 2 ಗಂಟೆ ಆದಮೇಲೆ, ಅದಕ್ಕೇ ಈ ಲೆಕ್ಕ. ಆದರೆ ಮನೆಯ ರೂಟರ್‌ಗಳಲ್ಲಿ ಎಷ್ಟೋ ಅಷ್ಟು ಹೊತ್ತು ಕಾಯುವುದಿಲ್ಲ, ಕೆಲವು ನಿಮಿಷಗಳಲ್ಲೇ ಕೈಬಿಡುತ್ತವೆ.

ವಿನ್‌ಎಸ್‌ಸಿಪಿಯಲ್ಲಿ ಇದಕ್ಕೆ ಔಷಧಿ ಇದೆ. ಸೈಟ್ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್ ಒತ್ತಿ, ಕನೆಕ್ಷನ್ ಅನ್ನುವ ಪುಟಕ್ಕೆ ಹೋದರೆ ಕೀಪ್‌ಅಲೈವ್ಸ್ ಅಂತ ಕಾಣುತ್ತದೆ. ಆನ್ ಮಾಡಿ 30 ಸೆಕೆಂಡ್ ಕೊಟ್ಟರೆ ಸಾಕು, ಕೆಲಸವಿಲ್ಲದ ಸಣ್ಣ ಸಣ್ಣ ಸಂದೇಶ ಕಳಿಸುತ್ತಾ ಆ ಕನೆಕ್ಷನ್ ಬದುಕಿರುವಂತೆ ನೋಡಿಕೊಳ್ಳುತ್ತದೆ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಫೈಲ್‌ಜಿಲ್ಲಾದಲ್ಲೂ ಇದಿದೆ, ಆದರೆ ಪಕ್ಕದಲ್ಲೇ ಒಳ್ಳೆ ಸರ್ವರ್‌ಗೆ ಇದು ಬೇಕಾಗುವುದಿಲ್ಲ ಅಂತ ಬುದ್ಧಿವಾದ ಬರೆದಿಟ್ಟಿದ್ದಾರೆ. ಸರ್ವರ್ ಒಳ್ಳೆಯದೇ ಇರಬಹುದು ಸ್ವಾಮಿ, ಮಧ್ಯದ ರೂಟರ್‌ಗೆ ಯಾರು ಹೇಳೋದು?

ಸಾಧ್ಯವಿದ್ದರೆ ಎಡಿಟರ್ ಹತ್ತಿರ ಎಫ್‌ಟಿಪಿ ಬದಲು ಎಸ್‌ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು, ಭದ್ರವಾದ ಪದ್ಧತಿ) ಕೇಳಿ. ಅದರಲ್ಲಿ ಎಲ್ಲವೂ ಒಂದೇ ಕನೆಕ್ಷನ್‌ನಲ್ಲಿ, 22ನೇ ಪೋರ್ಟಿನಲ್ಲಿ ನಡೆಯುತ್ತದೆ. ಫೈಲ್ ಹೋಗುತ್ತಿರುವಷ್ಟು ಹೊತ್ತೂ ಅದು ಸುಮ್ಮನಿರುವುದೇ ಇಲ್ಲ, ಹಾಗಾಗಿ ಈ 100% ಕಾಟ ಹೋಯಿತು. ನನಗೂ ಈಗ ಅದೇ ಸಿಕ್ಕಿದೆ.

ಇಷ್ಟೆಲ್ಲ ಹೇಳಿದೆ, ಆದರೆ ಈ ಸಾಫ್ಟ್‌ವೇರ್‌ಗೆ ನಾನು ಅಂಟಿಕೊಂಡಿರುವುದು ಕೀಪ್‌ಅಲೈವ್‌ಗಾಗಿ ಅಲ್ಲ. ನಮ್ಮಲ್ಲಿ ರೂಟರ್ ಇನ್ವರ್ಟರ್ ಮೇಲಿದೆ. ಕರೆಂಟ್ ಹೋದಾಗ ಇನ್ವರ್ಟರ್ ಟಕ್ ಅಂತ ಬದಲಾಗುವ ಆ ಕ್ಷಣ ಇದೆಯಲ್ಲ, ಬಲ್ಬ್ ಮಿಣಕ್ ಅಂದು ಉಳಿದುಕೊಳ್ಳುತ್ತದೆ, ರೂಟರ್ ಮಾತ್ರ ರೀಸ್ಟಾರ್ಟ್. ಎರಡು ಮೂರು ನಿಮಿಷಕ್ಕೆ ದೀಪಗಳೆಲ್ಲ ಮತ್ತೆ ಹಸಿರಾಗುತ್ತವೆ, ಆದರೆ ಅಷ್ಟರಲ್ಲಿ ಹಳೇ ಕನೆಕ್ಷನ್ ಸತ್ತಿರುತ್ತದೆ, ಎಷ್ಟೋ ಸಲ ಐಪಿ ವಿಳಾಸವೂ ಬದಲಾಗಿರುತ್ತದೆ. ಇಲ್ಲಿ ಯಾವ ಕೀಪ್‌ಅಲೈವ್ ಏನು ಮಾಡಲು ಸಾಧ್ಯ? ತುಂಡಾಗುವುದು ತುಂಡಾಗಿಯೇ ತೀರುತ್ತದೆ, ಆಮೇಲೆ ಎಲ್ಲಿಂದ ಶುರು ಮಾಡುತ್ತದೆ ಅನ್ನುವುದೇ ಮುಖ್ಯ.

ಎಸ್‌ಎಫ್‌ಟಿಪಿಯಲ್ಲಿ 100 ಕೆಬಿ ದಾಟಿದ ಫೈಲನ್ನು ವಿನ್‌ಎಸ್‌ಸಿಪಿ ಮೊದಲು .ಫೈಲ್‌ಪಾರ್ಟ್ ಅನ್ನುವ ಬಾಲ ಅಂಟಿಸಿ ಕಳಿಸುತ್ತದೆ. ಪೂರ್ತಿ ಮುಟ್ಟಿದ ಮೇಲೆ ಬಾಲ ತೆಗೆದು ನಿಜವಾದ ಹೆಸರಿಡುತ್ತದೆ. ಮಧ್ಯೆ ನೆಟ್ ಹೋದರೆ ತಾನೇ ಮತ್ತೆ ಕನೆಕ್ಟ್ ಆಗಿ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಪ್ರಿಫರೆನ್ಸಸ್ ಒಳಗೆ ಟ್ರಾನ್ಸ್‌ಫರ್, ಅದರೊಳಗೆ ಎಂಡ್ಯೂರೆನ್ಸ್ ಅನ್ನುವ ಪುಟ ಇದೆ, ಮತ್ತೆ ಕನೆಕ್ಟ್ ಆಗಲು ಎಷ್ಟು ಹೊತ್ತು ಪ್ರಯತ್ನಿಸಬೇಕು ಅಂತ ಅಲ್ಲೇ ಹೇಳಬಹುದು. ನಮ್ಮ ಕಡೆಯವರು ಧಾರಾಳವಾಗಿ ಕೊಡಿ. ಇನ್ನೊಂದು ಲಾಭ, ಅರ್ಧ ಬಂದ ಫೈಲನ್ನು ಎಡಿಟರ್ ಪೂರ್ತಿ ಬಂದಿದೆ ಅಂದುಕೊಂಡು ಟೈಮ್‌ಲೈನಿಗೆ ಎಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಬಾಲ ಇದ್ದರೆ ಇನ್ನೂ ಬರುತ್ತಿದೆ ಅಂತ ಅರ್ಥ.

ರಾತ್ರಿ ಹಾಕಿ ಮಲಗುವವರಿಗೆ ಇನ್ನೊಂದು ಚಿಕ್ಕ ಸೌಕರ್ಯ. ಅಪ್‌ಲೋಡ್ ನಡೆಯುವ ಕಿಟಕಿಯಲ್ಲೇ, ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡು ಅಂತ ಹೇಳಿಡಬಹುದು. ಸ್ಪೀಡಿಗೆ ಮಿತಿಯನ್ನೂ ಅಲ್ಲೇ ಹಾಕಬಹುದು, ಮಗಳ ಆನ್‌ಲೈನ್ ಕ್ಲಾಸಿನ ಹೊತ್ತಿಗೆ ನಾನು ಅದನ್ನು ಕೆಳಗಿಳಿಸುತ್ತೇನೆ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಹಾಕಿದಾಗ ಸ್ಲೀಪ್ ಆಗದಂತೆ ವಿಂಡೋಸ್‌ನಲ್ಲಿ ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಬೆಳಿಗ್ಗೆ ನೋಡಿದರೆ ರಾತ್ರಿ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಬೈಯುವುದಕ್ಕೂ ಇದೆ. ಎರಡು ಕಡೆ ಎರಡು ಪಟ್ಟಿ, ಮೇಲೆ ಸಾಲು ಸಾಲು ಚಿಕ್ಕ ಬಟನ್‌ಗಳು, ಹೊಸಬರು ನೋಡಿದರೆ ಬ್ಯಾಂಕಿನ ಹಳೇ ಕಂಪ್ಯೂಟರ್ ಅಂದುಕೊಳ್ಳಬೇಕು. ಸೆಟ್ಟಿಂಗ್‌ಗಳು ಎಷ್ಟು ಒಳಗಿವೆ ಅಂದರೆ ಬೇಕಾದ್ದನ್ನು ಹುಡುಕೋದೇ ಒಂದು ಕೆಲಸ. ಮುಂದುವರಿಸುವಾಗ ಅಲ್ಲಿ ಎಷ್ಟು ಬಂದಿದೆ ಅಂತ ನೋಡಿ ಅಲ್ಲಿಂದ ಹಿಡಿಯುತ್ತದೆಯೇ ಹೊರತು ಹಳೇ ತುಂಡು ಸರಿಯಿದೆಯಾ ಅಂತ ಬೈಟ್ ಬೈಟ್ ಹೋಲಿಸುವುದಿಲ್ಲ. ಹಾಗಾಗಿ ಮಧ್ಯೆ ಕಡಿದು ಹೋದ ದೊಡ್ಡ ಫೈಲ್‌ಗೆ ನಾನು ವಿಂಡೋಸ್‌ನ ಸರ್ಟ್‌ಯುಟಿಲ್ ಅನ್ನುವ ಕಮಾಂಡಿನಲ್ಲಿ ಎಸ್‌ಎಚ್‌ಎ256 (ಫೈಲಿನ ಬೆರಳಚ್ಚು ಅನ್ನಿ) ತೆಗೆದು ಎಡಿಟರ್‌ಗೆ ವಾಟ್ಸಾಪ್ ಮಾಡುತ್ತೇನೆ, ಅವರು ಆ ಕಡೆ ತಾಳೆ ನೋಡುತ್ತಾರೆ. ಕ್ಲೈಂಟ್ ಮದುವೆ ಇನ್ನೊಂದು ಸಲ ಆಗುವುದಿಲ್ಲ, ಅಲ್ವಾ? ಹಾಂ, ಸರ್ವರ್‌ನಲ್ಲಿ ಹೆಸರು ಬದಲಿಸುವ ಅನುಮತಿ ಇಲ್ಲದಿದ್ದರೆ ಆ .ಫೈಲ್‌ಪಾರ್ಟ್ ಬಾಲ ಕೊನೆಯಲ್ಲಿ ಹೋಗುವುದಿಲ್ಲ. ಅದನ್ನು ಆ ಕಡೆಯವರೇ ಸರಿ ಮಾಡಿಕೊಡಬೇಕು.

ಮ್ಯಾಕ್ ಇರುವವರಿಗೆ ಇದು ಇಲ್ಲ, ಅವರು ಟೈಪ್ ಮಾಡಿ ಫೈಲ್ ಕಳಿಸುವ ಆರ್‌ಸಿಂಕ್ ಅನ್ನುವ ಸಾಫ್ಟ್‌ವೇರ್ ಕಲಿಯಲಿ. ಉಳಿದವರು ಡೌನ್‌ಲೋಡ್ ಮಾಡುವಾಗ ಒಂದು ನೆನಪಿಡಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇರುವುದಕ್ಕೆ ದುಡ್ಡು ಕೊಡಬೇಕು, ಅವರದೇ ವೆಬ್‌ಸೈಟಿನಲ್ಲಿ ಅದೇ ಸಾಫ್ಟ್‌ವೇರ್ ಪುಕ್ಕಟೆ.