ಮೀನೆಣ್ಣೆ ಕ್ಯಾಪ್ಸೂಲ್, ಕಾಡ್ ಲಿವರ್ ಎಣ್ಣೆ: ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿ ನೋಡಿ

ಔಷಧದಂಗಡಿಯಲ್ಲಿ ಇವೆರಡೂ ಒಂದೇ ಸಾಲಿನಲ್ಲಿರುತ್ತವೆ. ಬಣ್ಣ ಒಂದೇ, ವಾಸನೆಯೂ ಹೆಚ್ಚುಕಮ್ಮಿ ಒಂದೇ. ಹಾಗೆಂದು ಒಂದರ ಬದಲು ಇನ್ನೊಂದನ್ನು ತಂದು ಅದೇ ಲೆಕ್ಕದಲ್ಲಿ ತೆಗೆದುಕೊಳ್ಳುವಂತಿಲ್ಲ. ಒಮೆಗಾ-3 ಎಂಬ ಕೊಬ್ಬು ಬೇಕಿದ್ದವರಿಗೆ ಮೀನೆಣ್ಣೆ, ವಿಟಮಿನ್ ಡಿ ಬೇಕಿದ್ದವರಿಗೆ ಕಾಡ್ ಲಿವರ್ ಎಣ್ಣೆ. ಈ ವ್ಯತ್ಯಾಸವನ್ನು ಮಾಡಿದ್ದು ಕಂಪನಿಗಳಲ್ಲ, ಮೀನುಗಳೇ.

ಬೂತಾಯಿ, ಬಂಗುಡೆ, ಆಂಚೊವಿಯಂಥವು ನೀರಿನ ಮೇಲ್ಪದರದಲ್ಲಿ ಹಿಂಡುಗಟ್ಟಿ ಸದಾ ಈಜುತ್ತಿರುವ ಮೀನುಗಳು. ಅವು ಕೊಬ್ಬನ್ನು ಮಾಂಸದಲ್ಲಿ, ಚರ್ಮದಡಿ ಇಟ್ಟುಕೊಳ್ಳುತ್ತವೆ. ತಣ್ಣೀರಿನ ಸಮುದ್ರದ ತಳದ ಬಳಿ ಬದುಕುವ ಕಾಡ್ ಮೀನಿನ ಮಾಂಸದಲ್ಲಿ ಶೇ. 1ರಷ್ಟೂ ಕೊಬ್ಬಿಲ್ಲ. ಅದರ ಕೊಬ್ಬಿನ ಉಗ್ರಾಣ ಯಕೃತ್ತು. ಚೆನ್ನಾಗಿ ಮೇದ ಕಾಡ್‌ನ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಎಣ್ಣೆ. ವಿಟಮಿನ್ ಎ ಮತ್ತು ಡಿ ಕೂಡ ಅಲ್ಲೇ ಜಮೆಯಾಗುತ್ತವೆ. ಮೀನಿನ ಮೈಯೆಣ್ಣೆ, ಅಂದರೆ ಮೀನೆಣ್ಣೆ, ತೆಗೆಯುವುದು ಬೇರೆ ರೀತಿ: ಇಡೀ ಮೀನನ್ನು ಬೇಯಿಸಿ, ಹಿಂಡಿ, ಬಂದ ರಸವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ, ಉಳಿದ ಹಿಂಡಿ ಒಣಗಿ ಮೀನಿನ ಪುಡಿಯಾಗುತ್ತದೆ. ಪೆರು ಕರಾವಳಿಯ ಆಂಚೊವಿ ಇದರ ದೊಡ್ಡ ಮೂಲ. ಈ ಎಣ್ಣೆಯಲ್ಲಿ ವಿಟಮಿನ್ ಎ, ಡಿ ಲೆಕ್ಕಕ್ಕೆ ಸಿಗುವಷ್ಟಿರುವುದಿಲ್ಲ.

ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಬರೆದಿರುವ '1000 ಮಿ.ಗ್ರಾಂ' ಎಣ್ಣೆಯ ತೂಕ, ಒಮೆಗಾ-3ರದ್ದಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳ ಹೆಸರು ಹುಡುಕಿ, ಎರಡನ್ನೂ ಕೂಡಿಸಿ. ಸಾಧಾರಣ ಎಣ್ಣೆಯಲ್ಲಿ 180 ಮತ್ತು 120, ಅಂದರೆ ಒಂದು ಕ್ಯಾಪ್ಸೂಲಿಗೆ 300 ಮಿ.ಗ್ರಾಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 250 ಮಿ.ಗ್ರಾಂ ಸಾಕೆಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಾತು. ಡಬ್ಬಿಯ ಮೇಲಿನ ಅಂಕಿ ಒಂದು ಕ್ಯಾಪ್ಸೂಲಿಗೋ ಎರಡಕ್ಕೋ ಎಂಬುದನ್ನೂ ನೋಡಿ, ಬಹಳ ಜನ ಮೋಸಹೋಗುವುದು ಇಲ್ಲೇ. ಇಪಿಎ, ಡಿಎಚ್‌ಎ ಬರೆಯದೆ ಬರೀ 'ಒಮೆಗಾ' ಎಂದಿರುವ ಡಬ್ಬಿಯನ್ನು ಅಲ್ಲೇ ಬಿಟ್ಟುಬನ್ನಿ. ಸಾಂದ್ರ ಮಾಡಿದ ಎಣ್ಣೆ ಹಲವು ಸಲ ಈಥೈಲ್ ಎಸ್ಟರ್ ಎಂಬ ಬದಲಾದ ರಾಸಾಯನಿಕ ರೂಪದಲ್ಲಿರುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಜಿಡ್ಡಿರುವ ಊಟದ ಜೊತೆ ತೆಗೆದುಕೊಳ್ಳಬೇಕು.

ಈ ಸರಕಿನ ದೊಡ್ಡ ದೋಷ ಕಮಟು. ಇಪಿಎಯಲ್ಲಿ 5, ಡಿಎಚ್‌ಎಯಲ್ಲಿ 6 ದ್ವಿಬಂಧಗಳಿವೆ, ಅಂದರೆ ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು. ಅವುಗಳಿಂದಾಗಿಯೇ ಈ ಕೊಬ್ಬು ಕೊರೆಯುವ ನೀರಿನಲ್ಲೂ ಗಟ್ಟಿಯಾಗದೆ ಮೀನಿನ ಜೀವಕೋಶದ ಪೊರೆಯನ್ನು ಸಡಿಲವಾಗಿಡುತ್ತದೆ. ಅದೇ ಬಂಧಗಳ ಮೇಲೆ ಗಾಳಿಯ ಆಮ್ಲಜನಕ ಸುಲಭವಾಗಿ ಎರಗುತ್ತದೆ. ಮೀನಿಗೆ ಉಪಕಾರವಾದ ಗುಣವೇ ಬಾಟಲಿಯಲ್ಲಿ ಅಪಕಾರ. ಪರೀಕ್ಷೆ ಸುಲಭ: ಒಂದು ಕ್ಯಾಪ್ಸೂಲನ್ನು ಕತ್ತರಿಸಿ ಮೂಸಿ, ನಾಲಿಗೆಗೆ ಹಚ್ಚಿ. ತಾಜಾ ಎಣ್ಣೆಗೆ ಹಗುರವಾದ ಮೀನಿನ ವಾಸನೆ. ಕೆಟ್ಟದ್ದು ಹಳೆಯ ಪೇಂಟಿನಂತೆ ನಾರುತ್ತದೆ, ಗಂಟಲ ಹಿಂದೆ ಕೆರೆತ ಬಿಡುತ್ತದೆ. ನಿಂಬೆಯ ಪರಿಮಳ, ಹೊಟ್ಟೆಯಲ್ಲಿ ಕರಗದ ಲೇಪನ, ಎರಡೂ ಈ ವಾಸನೆಯನ್ನು ಮುಚ್ಚಬಲ್ಲವು. ಆದ್ದರಿಂದ ಪರಿಮಳ ಬೆರೆಸದ್ದೇ ಮೇಲು. ಕಂಪನಿ ಪರೀಕ್ಷಾ ವರದಿ ಕೊಟ್ಟರೆ, ಎಣ್ಣೆ ಎಷ್ಟು ಕೆಟ್ಟಿದೆಯೆಂದು ಹೇಳುವ ಎರಡು ಅಳತೆಗಳಾದ ಪೆರಾಕ್ಸೈಡ್ ಅಂಕಿ 5ರೊಳಗೆ, ಅನಿಸಿಡಿನ್ ಅಂಕಿ 20ರೊಳಗೆ ಇದೆಯೇ ನೋಡಿ. ಮೊದಲನೆಯದನ್ನು ದುಪ್ಪಟ್ಟು ಮಾಡಿ ಎರಡನೆಯದನ್ನು ಕೂಡಿಸಿದರೆ 26 ದಾಟಬಾರದು.

ಸಣ್ಣ ಬಾಟಲಿ, ಕಂದು ಗಾಜು, ದೂರದ ಅವಧಿ ದಿನಾಂಕ ನೋಡಿ ಕೊಳ್ಳಿ. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳೊಳಗೆ ಮುಗಿಸಿ. ತಣ್ಣಗಾದಾಗ ಎಣ್ಣೆ ಮಬ್ಬಾದರೆ ಗಾಬರಿ ಬೇಡ, ಅದರೊಳಗಿನ ಸಂತೃಪ್ತ ಕೊಬ್ಬು ಹೆಪ್ಪುಗಟ್ಟಿದೆ ಅಷ್ಟೆ. ಹೊರಗಿಟ್ಟರೆ ತಿಳಿಯಾಗುತ್ತದೆ.

ಪಾದರಸದ ಭಯ ಎಣ್ಣೆಯಲ್ಲಿ ಕಡಿಮೆ. ಅದು ಅಂಟಿಕೊಳ್ಳುವುದು ಮಾಂಸದ ಪ್ರೊಟೀನಿಗೆ. ಪಿಸಿಬಿ, ಡಯಾಕ್ಸಿನ್ ಎಂಬ ಮಾಲಿನ್ಯದ ವಿಷಗಳು ಕೊಬ್ಬಿನಲ್ಲಿ ಕರಗುವಂಥವು, ಹಾಗಾಗಿ ಶುದ್ಧೀಕರಿಸದ ಎಣ್ಣೆ ಬೇಡ.

ಇನ್ನು ಕಾಡ್ ಲಿವರ್ ಎಣ್ಣೆ. ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗುವ ರೋಗ, ಬಂದ ನಾಯಿಮರಿಗಳನ್ನು ಇದು ಕಾಪಾಡುತ್ತದೆಂದು ಬ್ರಿಟಿಷ್ ವಿಜ್ಞಾನಿ ಎಡ್ವರ್ಡ್ ಮೆಲಾನ್ಬಿ 1919ರಲ್ಲಿ ತೋರಿಸಿದರು. 1922ರಲ್ಲಿ ಅಮೆರಿಕದ ವಿಜ್ಞಾನಿ ಎಲ್ಮರ್ ಮೆಕಾಲಮ್ ಎಣ್ಣೆಯನ್ನು ಕಾಯಿಸಿ ಗಾಳಿಯೂದಿ ಅದರ ವಿಟಮಿನ್ ಎಯನ್ನು ನಾಶಮಾಡಿದರೂ ರಿಕೆಟ್ಸ್ ವಾಸಿಯಾಯಿತು. ವಿಟಮಿನ್ ಡಿ ಬೇರೆಯೇ ವಸ್ತುವೆಂದು ಗೊತ್ತಾದದ್ದು ಹೀಗೆ. ಆ ಕೀರ್ತಿ ನ್ಯಾಯವಾದದ್ದು. ಅಪಾಯವಿರುವುದು ಅಳತೆಯಲ್ಲಿ. ಒಂದು ಟೀಚಮಚ, ಅಂದರೆ 5 ಮಿ.ಲೀ. ಎಣ್ಣೆಯಲ್ಲಿ ಸುಮಾರು 450 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ, 800 ಮಿ.ಗ್ರಾಂ ಒಮೆಗಾ-3, ಜೊತೆಗೆ 4500 ಐಯು ವಿಟಮಿನ್ ಎ. ಒಮೆಗಾ-3 ಹೆಚ್ಚು ಸಿಗಲೆಂದು ಮೂರು ಚಮಚ ಕುಡಿದರೆ ವಿಟಮಿನ್ ಎ 13,500 ಐಯು ಆಗುತ್ತದೆ. ವಯಸ್ಕರಿಗೆ ದಿನದ ಮಿತಿ 10,000. ಮಲ್ಟಿವಿಟಮಿನ್ ಮಾತ್ರೆಯೂ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲವು ಕಂಪನಿಗಳು ವಿಟಮಿನ್ ಎಯನ್ನು ತಗ್ಗಿಸಿ ಮಾರುತ್ತವೆ, ಆದ್ದರಿಂದ ನಿಮ್ಮ ಬಾಟಲಿಯ ಅಂಕಿಯನ್ನೇ ಹಿಡಿಯಿರಿ. ಗರ್ಭಿಣಿಯರಿಗೆ ಈ ಎಣ್ಣೆ ಬೇಡ, ವಿಟಮಿನ್ ಎ ಅತಿಯಾದರೆ ಭ್ರೂಣಕ್ಕೆ ಕೇಡು.

ಹೃದಯಾಘಾತ ಬಾರದಿರಲೆಂದು ಆರೋಗ್ಯವಂತರು ಕ್ಯಾಪ್ಸೂಲ್ ನುಂಗುವುದಕ್ಕೆ ಗಟ್ಟಿ ಆಧಾರವಿಲ್ಲ. 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 1 ಗ್ರಾಂ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆಯಾಗಿ ಗಮನಾರ್ಹವಾಗಿ ಇಳಿಯಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬ ಏರಿದವರಿಗೆ ವೈದ್ಯರು ಬರೆದುಕೊಡುವ 4 ಗ್ರಾಂ ಬೇರೆಯೇ ಚಿಕಿತ್ಸೆ, ಸ್ವಂತವಾಗಿ ಮಾಡುವಂಥದ್ದಲ್ಲ; ಹೆಚ್ಚಿನ ಅಳತೆಯಲ್ಲಿ ಹೃದಯ ಬಡಿತದ ಲಯ ತಪ್ಪುವ ಸಂಭವ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಕೇಳಬೇಕು. ವಾರಕ್ಕೆರಡು ಸಲ ಕೊಬ್ಬಿನ ಮೀನು ತಿನ್ನುವವರು ಈ ಡಬ್ಬಿ ಕೊಳ್ಳುವುದೇ ಬೇಡ.

ಮೀನು ತಿನ್ನದವರಿಗೆ ಪಾಚಿಯೆಣ್ಣೆ ಇದೆ, ಅದು ಎರಡನೇ ದರ್ಜೆಯದಲ್ಲ. ಸಮುದ್ರದ ಒಮೆಗಾ-3ನ್ನು ಮುಖ್ಯವಾಗಿ ತಯಾರಿಸುವುದು ಸೂಕ್ಷ್ಮ ಪಾಚಿಗಳೇ. ಮೀನು ಅದನ್ನು ತಿಂದು ಕೂಡಿಟ್ಟುಕೊಳ್ಳುತ್ತದೆ. ಕೊಳ್ಳುವಾಗ ಒಂದನ್ನು ನೋಡಿ: ಕೆಲವು ಪಾಚಿಯೆಣ್ಣೆಗಳಲ್ಲಿ ಡಿಎಚ್‌ಎ ಮಾತ್ರ ಇರುತ್ತದೆ, ಇಪಿಎಯೂ ಬೇಕಿದ್ದರೆ ಎರಡೂ ನಮೂದಾಗಿರುವುದನ್ನೇ ಆರಿಸಿ.