ಬ್ಯಾಂಕಾಕಿನಲ್ಲಿ ಊಟ: ಸೂಪರ್‌ಮಾರ್ಕೆಟ್ಟೋ, ಬೀದಿ ಗಾಡಿಯೋ?

ಕಾರವಾರ, ಶಿರಸಿ ಕಡೆಯಿಂದ ಥಾಯ್ಲೆಂಡಿಗೆ ಹೊರಟವರು ಮೊದಲು ಕೇಳುವುದೇ ಊಟದ ಬಗ್ಗೆ. ಬಿಗ್ ಸಿಯಂಥ ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ತಿನ್ನುವುದಾ, ಬೀದಿ ಗಾಡಿಯಲ್ಲಾ?

ಮೀನು ತಿನ್ನುವವರಾದರೆ ಸುಮ್ನೆ ಗಾಡಿಗೇ ಹೋಗಿ. ಇಡೀ ಮೀನಿನ ಹೊಟ್ಟೆಗೆ ಮಜ್ಜಿಗೆ ಹುಲ್ಲು ತುಂಬಿ, ಮೈಗೆ ದಪ್ಪಗೆ ಉಪ್ಪು ಮೆತ್ತಿ, ಕೆಂಡದ ಮೇಲೆ ಸುಡುತ್ತಾರೆ. ಉಪ್ಪಿನ ಸಿಪ್ಪೆ ಬಿಡಿಸಿದರೆ ಒಳಗೆ ಬೆಳ್ಳಗಿನ, ಮೆತ್ತನೆಯ ಮೀನು. ಕಾರವಾರದವರು ಬಿಡುವುದುಂಟಾ!

ಸಸ್ಯಾಹಾರಿಗಳ ಕತೆಯೇ ಬೇರೆ. ಗಾಡಿಯ ಪಪ್ಪಾಯಿಕಾಯಿ ಸಲಾಡ್ ನೋಡಲು ಬರೀ ಕಾಯಿತುರಿ. ಆದರೆ ಅದರಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್, ಒಣ ಸೀಗಡಿ ಇರುತ್ತದೆ. ಭಾಷೆ ಬಾರದೆ ವಿಚಾರಿಸುವುದೂ ಕಷ್ಟ. ಸೂಪರ್‌ಮಾರ್ಕೆಟ್ಟಿನಲ್ಲಿ ಪೊಟ್ಟಣ ತಿರುಗಿಸಿ ನೋಡಬಹುದು. ಹಳದಿ ಮೇಲೆ ಕೆಂಪಾಗಿ ಬರೆದ ‘ಜೇ’ ಗುರುತು ಹುಡುಕಿ. ನಮ್ಮ ಕಣ್ಣಿಗೆ 17 ಬರೆದ ಹಾಗೆ ಕಾಣುತ್ತದೆ. ಅದಿದ್ದರೆ ಮೀನು, ಮಾಂಸ, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ! ಶಿರಸಿಯ ಹಿರಿಯರಿಗೆ ಇದಕ್ಕಿಂತ ನೆಮ್ಮದಿ ಬೇಕಾ?

ಮೊಸರು ಮಾತ್ರ ನೋಡಿ ತಗೊಳ್ಳಿ, ಸಿಹಿ ಹಾಕಿದ್ದೇ ಜಾಸ್ತಿ. ಸಪ್ಪೆ ಮೊಸರು, ಅನ್ನ ಸಿಕ್ಕರೆ ಮನೆಯ ಅಪ್ಪೆಮಿಡಿ ಜೊತೆ ಊಟ ಆಗಿಹೋಗುತ್ತದೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೇ ಹಾಕಿ.

ದುಡ್ಡಿನ ಲೆಕ್ಕದಲ್ಲಿ ಗಾಡಿ ಅಗ್ಗ. ಆದರೆ ಬಿಸಿಲು, ನಿಂತು ತಿನ್ನುವುದು ವಯಸ್ಸಾದವರಿಗೆ ಆಗುವುದಿಲ್ಲ ಅಲ್ವಾ? ಅಪ್ಪ-ಅಮ್ಮ ಜೊತೆಗಿದ್ದರೆ ದೊಡ್ಡ ಸೂಪರ್‌ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ರೂಮು ಮಾಡಿ.