ಲೈಕಾ ಎಂ11-ಪಿ: ಸಹಿ ಹಾಕುವುದು ಕ್ಯಾಮೆರಾ, ಉಳಿಸಿಕೊಳ್ಳುವ ಪಾಡು ನಮ್ಮದು

ಈ ಕ್ಯಾಮೆರಾದ ಬಣ್ಣ, ಲೆನ್ಸು, 60 ಮೆಗಾಪಿಕ್ಸೆಲ್ ಸೆನ್ಸರ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಒಂದೇ ಸೌಲಭ್ಯದ ಬಗ್ಗೆ: ಕಂಟೆಂಟ್ ಕ್ರೆಡೆನ್ಷಿಯಲ್ಸ್. ಫೋಟೋ ತೆಗೆದ ಕೂಡಲೇ ಕ್ಯಾಮೆರಾ ಆ ಫೈಲಿಗೆ ಡಿಜಿಟಲ್ ಸಹಿ ಹಾಕುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಎಂ11-ಪಿ ಈ ವ್ಯವಸ್ಥೆ ಇದ್ದ ಮೊದಲ ಕ್ಯಾಮೆರಾ. ಹೊಸದು ಕೊಳ್ಳುವ ತಾಕತ್ತು ನನಗಿರಲಿಲ್ಲ. ಬೆಂಗಳೂರಿನಲ್ಲೇ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅವತ್ತಿನಿಂದ ದಿನಾ ಹೆಗಲಲ್ಲೇ ಇದೆ.

ಸಹಿ ಯಾಕೆ ಬೇಕು ಅಂತೀರಾ? ನಮ್ಮೂರಲ್ಲಿ ಟಬೆಬುಯಾ ಹೂ ಬಿಟ್ಟಾಗ ರಸ್ತೆಗೆ ರಸ್ತೆಯೇ ಗುಲಾಬಿ ಆಗುತ್ತದೆ. ಆ ಫೋಟೋ ಹಾಕಿದರೆ ಬರುವ ಮೊದಲ ಮಾತು, "ಎಐ ಅಲ್ವಾ ಇದು?" ಅದನ್ನು ನಕ್ಕು ಬಿಡಬಹುದು. ಕಡಿದ ಮರ, ಒತ್ತುವರಿಯಾದ ರಾಜಕಾಲುವೆ, ಕೆರೆಯ ನೊರೆ ಇವುಗಳ ಫೋಟೋಗೂ ಅದೇ ಮಾತು ಬಂದರೆ ನಗು ಬರಲ್ಲ. ಬೆಳ್ಳಂದೂರು ಕೆರೆಗೆ 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಬಿದ್ದಿತ್ತು. ಕೆರೆಗೆ ಬೆಂಕಿ! ಆ ಫೋಟೋ ಇವತ್ತು ಮೊದಲ ಸಲ ಬಂದಿದ್ದರೆ ಅರ್ಧ ಊರು ನಂಬುತ್ತಿರಲಿಲ್ಲ.

ಸೆಟಪ್ ವಿಷಯಕ್ಕೆ ಬರೋಣ. ನಿಜ ಹೇಳಬೇಕೆಂದರೆ ಅಲ್ಲಿ ಮಾಡುವುದಕ್ಕೆ ಜಾಸ್ತಿ ಏನೂ ಇಲ್ಲ. ಮೆನುವಿನಲ್ಲಿ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಆನ್ ಮಾಡಬೇಕು, ಕಾಪಿರೈಟ್ ಜಾಗದಲ್ಲಿ ಹೆಸರು ತುಂಬಬೇಕು, ಗಡಿಯಾರ ಸರಿ ಇದೆಯಾ ನೋಡಬೇಕು. ಇಂಟರ್ನೆಟ್ ಬೇಡ. ಸಹಿಗೆ ಬೇಕಾದ ಸರ್ಟಿಫಿಕೇಟ್, ಅಂದರೆ ಕ್ಯಾಮೆರಾದ ಡಿಜಿಟಲ್ ಗುರುತುಪತ್ರ, ಕಾರ್ಖಾನೆಯಲ್ಲೇ ಒಂದು ಚಿಪ್ ಒಳಗೆ ಸೇರಿರುತ್ತದೆ. ಮಾಮೂಲಿ ಎಂ11ರಲ್ಲಿ ಆ ಚಿಪ್ ಇಲ್ಲ. ಹಾಗಾಗಿ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಈ ಸೌಲಭ್ಯ ಪಡೆಯುವ ದಾರಿಯೂ ಇಲ್ಲ. ಸೆಕೆಂಡ್ ಹ್ಯಾಂಡ್ ಹುಡುಕುವವರು ಹೆಸರಿನ ಕೊನೆಯ 'ಪಿ' ಅಕ್ಷರ ಬಿಟ್ಟುಬಿಡಬೇಡಿ.

ನನ್ನ ಕೈಗೆ ಬಂದಾಗ ಕಾಪಿರೈಟ್ ಜಾಗದಲ್ಲಿ ಹಳೇ ಮಾಲೀಕರ ಹೆಸರು ಹಾಗೇ ಇತ್ತು. ತೆಗೆದು ನನ್ನದು ಹಾಕಿದೆ. ಕ್ಯಾಮೆರಾ ತುಟಿಪಿಟಿಕ್ಕೆನ್ನಲಿಲ್ಲ. ಇಲ್ಲೇ ಈ ವ್ಯವಸ್ಥೆಯ ಗುಣವೂ ಮಿತಿಯೂ ಗೊತ್ತಾಗುತ್ತದೆ. ಈ ಫೈಲ್ ಈ ಕ್ಯಾಮೆರಾದಿಂದ ಬಂದಿದೆ, ಆಮೇಲೆ ಯಾರೂ ಮುಟ್ಟಿಲ್ಲ ಎಂದು ಸಹಿ ಹೇಳುತ್ತದೆ. ಶಟರ್ ಒತ್ತಿದವರು ಯಾರು ಎನ್ನುವುದಕ್ಕೆ ನಾವು ಟೈಪ್ ಮಾಡಿದ ಹೆಸರೇ ಗತಿ. ಗಡಿಯಾರವೂ ಹಾಗೆಯೇ. ಅದು ತಪ್ಪಿದ್ದರೆ ತಪ್ಪು ಹೊತ್ತಿಗೇ ಸಹಿ ಬೀಳುತ್ತದೆ. ಬಲಾಢ್ಯರ ಒತ್ತುವರಿ ಫೋಟೋ ತೆಗೆಯುವವರು ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಫೋನಿನ ಆ್ಯಪ್‌ನಿಂದ ಲೊಕೇಶನ್ ಸೇರುತ್ತಿದೆಯಾ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಮನೆಯಲ್ಲಿ ತೆಗೆದ ಫೋಟೋ ಮನೆ ವಿಳಾಸವನ್ನೂ ಹೊತ್ತು ಹೋಗಬಾರದು ನೋಡಿ.

ಇದು ಲೈಕಾದ ಸ್ವಂತ ತಂತ್ರ ಏನಲ್ಲ. ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವರು ಸೇರಿ 2021ರಲ್ಲಿ ಶುರು ಮಾಡಿದ ಸಿ2ಪಿಎ ಎಂಬ ಮಾನದಂಡ. ಚಿತ್ರದಿಂದ ಹ್ಯಾಶ್ ಎಂಬ ಒಂದು ಸಂಖ್ಯೆ ಲೆಕ್ಕ ಹಾಕಿ, ಚಿಪ್‌ನಲ್ಲಿರುವ ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತಾರೆ. ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬೇರೆ ಬರುತ್ತದೆ. ಅಂಗಡಿ ಬಾಗಿಲಿಗೆ ಹಚ್ಚಿದ ಅರಗಿನ ಮೊಹರು ಇದ್ದಂತೆ: ಬಾಗಿಲು ತೆರೆಯುವುದನ್ನು ತಡೆಯಲ್ಲ, ತೆರೆದಿದ್ದಾರೆ ಎಂದು ತೋರಿಸುತ್ತದೆ. ಪರೀಕ್ಷೆ ಮಾಡಲು ಕಂಟೆಂಟ್ ಕ್ರೆಡೆನ್ಷಿಯಲ್ಸ್‌ನ ವೆರಿಫೈ ಪುಟಕ್ಕೆ ಫೈಲ್ ಹಾಕಿದರೆ ಸಾಕು. ಲೈಕಾ ಫೋಟೋಸ್ ಆ್ಯಪ್‌ನಲ್ಲೂ ನೋಡಬಹುದು. ಇಷ್ಟರ ಮಟ್ಟಿಗೆ ನನ್ನ ಕ್ಯಾಮೆರಾ ಒಂದು ದಿನವೂ ಕೈ ಕೊಟ್ಟಿಲ್ಲ.

ತಲೆನೋವು ಶುರುವಾಗುವುದು ಫೈಲ್ ಕ್ಯಾಮೆರಾದಿಂದ ಹೊರಬಿದ್ದ ಮೇಲೆ. ಸ್ವಲ್ಪ ಕ್ರಾಪ್ ಮಾಡಿದರೂ ಮೂಲ ಸಹಿ ಹೊಂದಿಕೊಳ್ಳುವುದಿಲ್ಲ. ಸಿ2ಪಿಎ ತಿಳಿದ ಸಾಫ್ಟ್‌ವೇರ್ ಆದರೆ ಏನು ತಿದ್ದಿದೆ ಎಂದು ಬರೆದು ಹೊಸ ಸಹಿ ಸೇರಿಸುತ್ತದೆ. ಫೋಟೋ ತಿದ್ದಲು ಬಳಸುವ ಅಡೋಬಿಯ ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಆ ಆಯ್ಕೆ ಇದೆ, ಆದರೆ ನಾವೇ ಆನ್ ಮಾಡಬೇಕು. ತಿಳಿಯದ ಸಾಫ್ಟ್‌ವೇರ್ ಆದರೆ ಎಲ್ಲಾ ಹೋಯಿತು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಸಹಿ ಮಾಯ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ಆಗಾಗ ನನ್ನ ಫೋಟೋ ಬಳಸುವ ಒಂದು ಪತ್ರಿಕೆಯ ಡೆಸ್ಕಿನವರಿಗೆ ಇದನ್ನು ಎಷ್ಟು ಹೇಳಿದರೂ ಅಷ್ಟೇ. "ಸಾರ್, ಸುಮ್ನೆ ವಾಟ್ಸಾಪ್ ಮಾಡಿಬಿಡಿ, ಪೇಜ್ ಹೋಗ್ಬೇಕು." ಲಕ್ಷಗಟ್ಟಲೆಯ ಕ್ಯಾಮೆರಾ ಹಾಕಿದ ಸಹಿ, ಪೇಜ್ ಹೋಗುವ ಗಡಿಬಿಡಿಯಲ್ಲಿ ಗೋವಿಂದ. ಲಿಂಕ್ಡ್‌ಇನ್ ಈ ಗುರುತನ್ನು ಚಿತ್ರದ ಮೂಲೆಯಲ್ಲಿ ತೋರಿಸುತ್ತದೆ. ಕೆರೆ ಫೋಟೋ ನೋಡುವವರು ಅಲ್ಲಿ ಎಷ್ಟು ಮಂದಿ ಇರುತ್ತಾರೆ ಬಿಡಿ.

ಅದಕ್ಕೇ ಈಗ ಮೂಲ ಡಿಎನ್‌ಜಿ (ಸೆನ್ಸರ್ ಹಿಡಿದ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡನ್ನೂ ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಡುತ್ತೇನೆ. ಹಂಚುವುದು ನಕಲನ್ನು ಮಾತ್ರ. ಯಾರಾದರೂ ಅನುಮಾನ ಎತ್ತಿದರೆ ಮೂಲ ತೆಗೆದು ತೋರಿಸಬಹುದು. ಕೋರ್ಟಿಗೆ ಹೋಗುವ ಫೋಟೋಗಳಿಗೂ ಈ ಅಭ್ಯಾಸ ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಕ್ಯಾಮೆರಾದ ಸಹಿ ಇದೆ ಅಂತ ಆ ಪ್ರಮಾಣಪತ್ರ ತಪ್ಪುವುದಿಲ್ಲ.

ಸಹಿಯನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ನಾನು ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದು ಎಐ ಚಿತ್ರ ತೆರೆದು, ಅದರ ಫೋಟೋ ತೆಗೆದು ನೋಡಿದೆ. ಸಹಿ ಚೊಕ್ಕವಾಗಿ ಬಿತ್ತು. ಕ್ಯಾಮೆರಾದ ಮಟ್ಟಿಗೆ ಅದೂ ನಿಜವಾದ ಫೋಟೋನೇ ತಾನೆ? ಸೋನಿ ಇದಕ್ಕಾಗಿ ತನ್ನ ವ್ಯವಸ್ಥೆಯಲ್ಲಿ ದೃಶ್ಯದ ಆಳದ ಮಾಹಿತಿಯನ್ನೂ ಸೇರಿಸಿದೆ. ಚಪ್ಪಟೆ ಪರದೆ ಯಾವುದು, ಎದುರಿಗಿದ್ದ ವಸ್ತು ಯಾವುದು ಎಂದು ಅದರಿಂದ ಗೊತ್ತಾಗುತ್ತದೆ. ಇನ್ನು ನಿಕಾನ್ 2025ರ ಆಗಸ್ಟ್‌ನಲ್ಲಿ ಝಡ್6 ಮೂರನೇ ಮಾದರಿಗೆ ಫರ್ಮ್‌ವೇರ್ ಮೂಲಕ ಸಿ2ಪಿಎ ತಂದಿತು. ಒಂದರ ಮೇಲೊಂದು ಚಿತ್ರ ಸೇರಿಸುವ ಮಲ್ಟಿಪಲ್ ಎಕ್ಸ್‌ಪೋಷರ್ ಬಳಸಿ ಸಹಿ ಇಲ್ಲದ ಚಿತ್ರಕ್ಕೂ ಸಹಿ ಹಾಕಿಸಬಹುದು ಎಂದು ಮುಂದಿನ ತಿಂಗಳೇ ಬಳಕೆದಾರರೊಬ್ಬರು ತೋರಿಸಿದರು. ಕಂಪನಿ ಸೇವೆ ನಿಲ್ಲಿಸಿ, ಕೊಟ್ಟ ಸರ್ಟಿಫಿಕೇಟ್‌ಗಳನ್ನೆಲ್ಲ ರದ್ದು ಮಾಡಿತು. ಇದಕ್ಕೂ ಹಿಂದೆ ಕ್ಯಾನನ್ ಮತ್ತು ನಿಕಾನ್‌ಗಳ ಹಳೇ ದೃಢೀಕರಣ ವ್ಯವಸ್ಥೆಗಳನ್ನು 2010 ಮತ್ತು 2011ರಲ್ಲಿ ರಷ್ಯಾದ ಎಲ್ಕಾಮ್‌ಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ ಒಡೆದು ತೋರಿಸಿತ್ತು. ನಿಕಾನ್ ಸರ್ಟಿಫಿಕೇಟ್ ರದ್ದು ಮಾಡಿದ್ದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಗೊತ್ತಾದ ತೂತನ್ನು ಮುಚ್ಚಿಟ್ಟಿದ್ದರೆ ಆ ಸಹಿಗೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ಇದೊಂದಕ್ಕಾಗಿ ಎಂ11-ಪಿ ಕೊಳ್ಳಬೇಕಾ ಎಂದು ಕೇಳುವವರಿಗೆ: ಬೇಡ. ಗೂಗಲ್ ಪಿಕ್ಸೆಲ್ 10 ಫೋನಿನ ಕ್ಯಾಮೆರಾ ಆ್ಯಪ್ ಪ್ರತಿ ಫೋಟೋಗೂ ತಾನಾಗಿಯೇ ಸಿ2ಪಿಎ ಸಹಿ ಹಾಕುತ್ತದೆ. ಮೆನು ಹುಡುಕುವ ಕೆಲಸವೂ ಇಲ್ಲ. ಒಂದೊಂದು ಫೋಟೋಗೂ ಬೇರೆ ಕೀಲಿ ಬಳಸುವುದರಿಂದ, ಎರಡು ಫೋಟೋ ಒಬ್ಬರೇ ತೆಗೆದದ್ದು ಎಂದು ಸಹಿಯಿಂದ ಹಿಡಿಯಲೂ ಆಗಲ್ಲ. ಕೆರೆ ನೊರೆಯ ಫೋಟೋ ತೆಗೆದು ದೂರು ಕೊಡುವವರಿಗೆ ಅದು ಧಾರಾಳ ಸಾಕು. ಎಂ11-ಪಿಗೆ ಆಟೋಫೋಕಸ್ ಕೂಡ ಇಲ್ಲ.